ಮಾರ್ಜಿನ್‌ನಲ್ಲಿ ಬರೆದ 43 ಹೆಸರು

ಬೆಳಗ್ಗೆ 11 ದಾಟಿತ್ತು. ‘ಸರ್, ಪಿಓಎಸ್ ಖಾಲಿ’ ಅಂತ ಹಳ್ಳಿಯಲ್ಲಿ ಔಷಧ ಹಂಚುವ ಕಾರ್ಯಕರ್ತೆಯ ಫೋನ್ ಬಂತು. ಪಿಓಎಸ್ ಅಂದರೆ ಪುಡಿಗೆ ನೀರು ಬೆರೆಸಿ ಚಿಕ್ಕ ಮಕ್ಕಳಿಗೆ ಕೊಡುವ ಅಜಿಥ್ರೋಮೈಸಿನ್ ಸಿರಪ್. ಹಿಂದೆ ಮಕ್ಕಳು ಅಳುವ ಸದ್ದು. ‘ಎಷ್ಟು ಮಕ್ಕಳು ಬಾಕಿ?’ ಅಂದೆ. ‘ಎಣಿಸ್ತಾ ಇದೀನಿ, ನಲವತ್ತಕ್ಕಿಂತ ಜಾಸ್ತಿ ಇದಾವೆ’ ಅಂದರು ಆಕೆ. ಹಂಚಿಕೆಯ ಎರಡನೇ ದಿನ ಅದು. ನನ್ನ ಶೀಟ್ ಪ್ರಕಾರ ಆ ಹಳ್ಳಿಯಲ್ಲಿ ಇನ್ನೂ ಆರು ಬಾಟಲಿ ಇರಬೇಕಿತ್ತು.

ಟ್ರಕೋಮಾ ಅಂದರೆ ಕುರುಡು ಮಾಡಬಲ್ಲ ಕಣ್ಣಿನ ಸೋಂಕು. ಅದರ ನಿರ್ಮೂಲನಾ ಕಾರ್ಯಕ್ರಮದಲ್ಲಿ ನನ್ನದು ಸಪ್ಲೈ ಮತ್ತು ಮೈಕ್ರೋಪ್ಲಾನ್ ಕೆಲಸ, ಅಂದರೆ ಯಾವ ಹಳ್ಳಿಗೆ ಎಷ್ಟು ಔಷಧ ಅನ್ನೋ ಲೆಕ್ಕ. ದೇಶ ಯಾವುದು, ಸಂಸ್ಥೆ ಯಾವುದು ಅನ್ನೋದು ಇಲ್ಲಿ ಬೇಡ. ನಮ್ಮ ಇಯು, ಅಂದರೆ ಸರ್ವೆ ಮತ್ತು ಹಂಚಿಕೆಗೆ ಒಂದು ಘಟಕ ಅಂತ ಗುರುತಿಸಿದ ಪ್ರದೇಶ, ಮೂರು ರೌಂಡ್ ಹಂಚಿಕೆಯದ್ದು, ಎರಡು ಮುಗಿದಿದ್ದವು. ಮೂರನೆಯದಕ್ಕೆ ಮಾತ್ರೆ ಬಂದು ಗೋದಾಮಿನಲ್ಲಿ ಕೂತಿತ್ತು. 2020ರ ಏಪ್ರಿಲ್ 1ಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ ಹೊರಬಿತ್ತು: ಎಂಡಿಎ (ಊರಿಗೆ ಊರೇ ಔಷಧ ಹಂಚೋದು), ಸರ್ವೆ, ಮನೆಮನೆ ಪತ್ತೆ ಎಲ್ಲ ಸದ್ಯಕ್ಕೆ ನಿಲ್ಲಿಸಿ. ಸರಿಯಾದ ಸೂಚನೆಯೇ. ರೆಪ್ಪೆ ಮಗುಚಿ ನೋಡಬೇಕಾದರೆ ಕಣ್ಣು ಪರೀಕ್ಷಿಸುವ ಗ್ರೇಡರ್‌ನ ಮೂಗು ಮಗುವಿನ ಮೂಗಿಗೆ ಒಂದು ಗೇಣು ದೂರ ಇರುತ್ತೆ. ಆ ದಿನಗಳಲ್ಲಿ ಹಾಗೆ ಮಾಡೋದಕ್ಕಾಗುತ್ತಾ?

ಆ ತಿಂಗಳುಗಳ ಕಥೆಯೇ ಬೇರೆ. ಆಗ ಅಜಿಥ್ರೋಮೈಸಿನ್ ಕೋವಿಡ್‌ಗೂ ಕೆಲಸ ಮಾಡುತ್ತೆ ಅಂತ ಊರೆಲ್ಲ ನಂಬಿತ್ತು. ನಮ್ಮ ಗೋದಾಮಿನಲ್ಲಿ ಅದೇ ಮಾತ್ರೆಯ ಡಬ್ಬಗಳು ರಾಶಿ ಬಿದ್ದಿವೆ ಅನ್ನೋದು ಗೊತ್ತಾಗಿ ಫೋನ್ ಮೇಲೆ ಫೋನ್. ‘ಹೇಗೂ ಎಕ್ಸ್‌ಪೈರ್ ಆಗುತ್ತಲ್ಲ, ನಮಗೆ ಕೊಡಿ’ ಅಂತ. ಅದು ಟ್ರಕೋಮಾಕ್ಕೆ ಅಂತಲೇ ದಾನವಾಗಿ ಬಂದ ಔಷಧ, ಬೇರೆ ಯಾವುದಕ್ಕೂ ಕೊಡುವಂತಿಲ್ಲ ಅಂತ ಹೇಳಿ ಹೇಳಿ ಗಂಟಲು ಕಟ್ಟಿತು. ಕೋವಿಡ್‌ಗೆ ಅದರಿಂದ ಪ್ರಯೋಜನ ಇಲ್ಲ ಅಂತ ದೊಡ್ಡ ಟ್ರಯಲ್ ಹೇಳುವ ಹೊತ್ತಿಗೆ ಡಿಸೆಂಬರ್ ಬಂದಿತ್ತು. ಅಷ್ಟರಲ್ಲಿ ಊರಿನವರ ತಲೆಯಲ್ಲಿ ಇನ್ನೊಂದು ಕೂತಿತ್ತು: ಇವರು ಕಣ್ಣಿನ ಮಾತ್ರೆ ಅಂತ ಹೇಳಿ ಕೋವಿಡ್ ಪ್ರಯೋಗ ಮಾಡ್ತಾರೆ.

2019ರಲ್ಲಿ ಜಗತ್ತಿನಾದ್ಯಂತ ಸುಮಾರು 9.5 ಕೋಟಿ ಜನಕ್ಕೆ ಟ್ರಕೋಮಾದ ಔಷಧ ತಲುಪಿತ್ತು. 2020ರಲ್ಲಿ ಅದು 3.3 ಕೋಟಿಯ ಆಸುಪಾಸಿಗೆ ಇಳಿಯಿತು. ಟಿಟಿ ಆಪರೇಷನ್‌ಗಳು, ಅಂದರೆ ಟ್ರಕೋಮಾದಿಂದ ಒಳಕ್ಕೆ ತಿರುಗಿದ ರೆಪ್ಪೆಕೂದಲು ಸರಿಪಡಿಸುವವು, 92 ಸಾವಿರದಿಂದ 42 ಸಾವಿರಕ್ಕೆ. ಈ ಎರಡನೇ ಅಂಕಿಗೆ ನಮ್ಮ ಮೀಟಿಂಗ್‌ಗಳಲ್ಲಿ ಎರಡು ನಿಮಿಷಕ್ಕಿಂತ ಹೆಚ್ಚು ಯಾವತ್ತೂ ಸಿಗಲಿಲ್ಲ. ‘ಎಲೆಕ್ಟಿವ್’ (ತುರ್ತಲ್ಲದ್ದು) ಅಂತ ಒಂದು ಪದ ಇದೆಯಲ್ಲ, ಅದರಡಿ ಹಾಕಿ ಮುಚ್ಚಿಬಿಟ್ಟೆವು. ರೆಪ್ಪೆಕೂದಲು ಒಳಮುಖವಾಗಿ ತಿರುಗಿ, ಕಣ್ಣು ಮುಚ್ಚಿ ತೆರೆದಾಗಲೆಲ್ಲ ಕರಿಗುಡ್ಡೆ ಗೀರುತ್ತಿರುವ ಹೆಂಗಸು ಚಿಮಟ ಹಿಡಿದು ತಾನೇ ಕೂದಲು ಕೀಳುತ್ತಾ ಒಂದು ವರ್ಷ ಕಾದರೆ ಅದು ಯಾವ ಲೆಕ್ಕದಲ್ಲಿ ಎಲೆಕ್ಟಿವ್?

ಮತ್ತೆ ಶುರು ಮಾಡಲು ಅನುಮತಿ ಸಿಕ್ಕಾಗ ಹಿಂದಿನ ರೌಂಡ್ ಮುಗಿದು ವರ್ಷದ ಮೇಲೆ ಎಷ್ಟೋ ತಿಂಗಳಾಗಿತ್ತು. ಹರಡುವಿಕೆ ಕಡಿಮೆ ಇರುವ ಕಡೆ ಒಂದು ರೌಂಡ್ ತಡವಾದರೆ ಅಷ್ಟೇನೂ ತೊಂದರೆಯಿಲ್ಲ, ಜಾಸ್ತಿ ಇರುವ ಕಡೆ ಸೋಂಕು ಮತ್ತೆ ತಲೆ ಎತ್ತುತ್ತೆ ಅಂತ ಮಾಡೆಲಿಂಗ್‌ನವರು ಹೇಳಿದ್ದರು. ನಮ್ಮದು ಎರಡನೇ ಜಾತಿ. ಆದರೆ ಮ್ಯಾನೇಜ್‌ಮೆಂಟ್‌ನ ಸ್ಲೈಡ್‌ನಲ್ಲಿ ‘ರೌಂಡ್ 3’ ಅಂತಲೇ ಇತ್ತು, ಮಧ್ಯೆ ಏನೂ ನಡೆದೇ ಇಲ್ಲ ಅನ್ನೋ ಹಾಗೆ. ಎರಡು ವಾರದಲ್ಲಿ ಮೈಕ್ರೋಪ್ಲಾನ್ ಬೇಕು ಅಂದರು.

ನಾನು ಮಾಡಿದ್ದು ಇಷ್ಟೇ: 2019ರ ರಿಜಿಸ್ಟರ್ ತೆಗೆದೆ, ಹಳ್ಳಿಗೆ ಎಷ್ಟು ಸಿರಪ್, ಎಷ್ಟು ಮಾತ್ರೆ ಹೋಗಿತ್ತೋ ಅದೇ ಪ್ರಮಾಣ ಇಟ್ಟೆ, ಮೇಲೆ ಒಂದಿಷ್ಟು ಬಫರ್ ಹಾಕಿದೆ. ಆಮೇಲೆ ಎಕ್ಸ್‌ಪೈರಿ ಹತ್ತಿರ ಇದ್ದ ಲಾಟ್ ಮೊದಲು ಮುಗಿಯಲಿ ಅಂತ ಆ ಬಫರ್ ಕತ್ತರಿಸಿ ಇನ್ನೊಂದು ಇಯುಗೆ ಕಳಿಸಿದೆ. ಆ ಸಂಜೆ ನನ್ನ ಬಗ್ಗೆ ನನಗೇ ಬಹಳ ಮೆಚ್ಚುಗೆ ಇತ್ತು.

ಎರಡು ವಿಷಯ ತಲೆಗೆ ಹೊಳೆಯಲೇ ಇಲ್ಲ. ಕೆಲಸ ಕಳೆದುಕೊಂಡು ಪಟ್ಟಣದಿಂದ ಊರಿಗೆ ಬಂದ ಕುಟುಂಬಗಳು ವಾಪಸ್ ಹೋಗಿರಲಿಲ್ಲ, ಮಕ್ಕಳೂ ಜೊತೆಗಿದ್ದರು. ಇದು ಯಾರಿಗಾದರೂ ಹೊಳೆಯಬಹುದಾಗಿದ್ದದ್ದು. ಎರಡನೆಯದು ನನ್ನ ಕೆಲಸಕ್ಕೇ ಸೇರಿದ್ದು. ಮೊದಲು ಊರ ಮಧ್ಯೆ ಒಂದೇ ಕಡೆ ಹಂಚುತ್ತಿದ್ದೆವು. ಈಗ ಗುಂಪು ಸೇರಬಾರದು ಅಂತ ಚಿಕ್ಕ ಚಿಕ್ಕ ತಂಡ, ಓಣಿಗೊಂದು. ಒಂದೊಂದು ತಂಡವೂ ತನ್ನದೇ ಬಾಟಲಿ ಒಡೆದು, ನೀರು ಬೆರೆಸಿ, ಅರ್ಧ ಉಳಿಸಿಕೊಂಡು ಓಡಾಡುತ್ತೆ. ಬೆರೆಸಿದ ಬಾಟಲಿಯನ್ನು ಇನ್ನೊಂದು ಊರಿಗೆಂದು ಇಟ್ಟುಕೊಳ್ಳುವಂತಿರಲಿಲ್ಲ. ಲೋಟ ಮನೆಯಿಂದಲೇ ತರಬೇಕು, ಅಳತೆಯ ಲೋಟ ಯಾರ ತುಟಿಗೂ ತಾಗಬಾರದು, ಹಾಗಾಗಿ ಒಂದರಿಂದ ಇನ್ನೊಂದಕ್ಕೆ ಸುರಿಯುವಾಗ ಚೆಲ್ಲುತ್ತೆ. ವೇಸ್ಟೇಜ್ 2019ರದ್ದೇ ಇರುತ್ತೆ ಅಂತ ಕೂತಲ್ಲೇ ಬರೆದವನು ನಾನು. ಎತ್ತರ ಅಳೆದು ಡೋಸ್ ನೋಡುವ ಕೋಲು, ಡೋಸ್ ಪೋಲ್, ಎಲ್ಲರ ಕೈ ಸೇರಬಾರದು ಅಂತ ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಹಾಕಿಕೊಂಡಿದ್ದರು ಹಂಚುವ ಹೆಂಗಸರು. ಅಷ್ಟು ಯೋಚನೆ ನನ್ನ ಎಕ್ಸೆಲ್‌ಗೆ ಇರಲಿಲ್ಲ.

ಸರಿ, ಫೋನ್‌ಗೆ ವಾಪಸ್ ಬರೋಣ. ಹತ್ತಿರದ ಗೋದಾಮಿನಿಂದ ಸಿರಪ್ ಬರಲು ಗಾಡಿಯಿಲ್ಲ, ಇದ್ದ ಒಂದು ಗಾಡಿಯನ್ನು ಕೋವಿಡ್ ಸ್ಯಾಂಪಲ್‌ಗೆ ತಗೊಂಡು ಹೋಗಿದ್ದರು. ಮಾತ್ರೆ ಬೇಕಾದಷ್ಟಿತ್ತು. ‘ಒಂದು ಕೆಲಸ ಮಾಡಿ, ಮಾತ್ರೆ ಪುಡಿ ಮಾಡಿ ನೀರಲ್ಲಿ ಕಲಸಿ ಕೊಡಿ’ ಅಂದೆ.

ಆ ಕಡೆ ಮಾತಿಲ್ಲ. ಲೈನ್ ಕಟ್ ಆಯ್ತೇನೋ ಅಂತ ‘ಹಲೋ, ಹಲೋ’ ಅಂದೆ.

‘ಇದೀನಿ ಸರ್. 120 ಸೆಂಟಿಮೀಟರ್‌ಗಿಂತ ಕೆಳಗಿದ್ದವರಿಗೆ ಸಿರಪ್ ಮಾತ್ರ ಅಂತ ಟ್ರೈನಿಂಗ್‌ನಲ್ಲಿ ನೀವೇ ಹೇಳಿದ್ದು.’

‘ಇವತ್ತೊಂದು ದಿನ...’

‘ಅಳ್ತಾ ಇರೋ ಮಗುವಿನ ಬಾಯಿಗೆ ಪುಡಿ ಹಾಕಿ ಗಂಟಲಿಗೆ ಸಿಕ್ಕರೆ ನೀವು ಇಲ್ಲಿರಲ್ಲ. ನಾನಿರ್ತೀನಿ.’

ಏನು ಹೇಳಲಿ ಅಂತ ಗೊತ್ತಾಗದೆ ಶೀಟ್ ನೋಡಿದೆ. ಕವರೇಜ್ ಸೆಲ್, ಅಂದರೆ ಶೇಕಡಾ ಎಷ್ಟು ಜನಕ್ಕೆ ಔಷಧ ತಲುಪಿತು ಅನ್ನೋದು, ಗುರಿಯಾದ 80ಕ್ಕೆ ಸ್ವಲ್ಪ ಕೆಳಗಿದ್ದು ಕೆಂಪಾಗಿತ್ತು. ಆ ಕೆಂಪು ನೋಡಿ ಆಡಿದ ಮಾತು ಅದು, ಮಕ್ಕಳನ್ನು ನೋಡಿ ಅಲ್ಲ. ‘ಮನೆಗೆ ಕಳಿಸಿ’ ಅಂದೆ ಕೊನೆಗೆ. ‘ಆಗಲೇ ಕಳಿಸ್ತಾ ಇದೀನಿ’ ಅಂದರು.

ರಿವ್ಯೂ ಮೀಟಿಂಗ್‌ನಲ್ಲಿ ಇನ್ನೊಂದು ತಮಾಷೆ. ಫಾರ್ಮ್‌ನಲ್ಲಿ ಮೂರೇ ಕಾಲಂ: ಊರಲ್ಲಿಲ್ಲ, ನಿರಾಕರಿಸಿದರು, ಅರ್ಹರಲ್ಲ. ಸ್ಟಾಕ್ ಇಲ್ಲ ಅನ್ನೋದಕ್ಕೆ ಜಾಗವೇ ಇಲ್ಲ. ಆಕೆ ಮಾರ್ಜಿನ್‌ನಲ್ಲಿ 43 ಹೆಸರು ಬರೆದು, ಕೆಳಗೆ ‘ಸಿರಪ್ ಬರಲಿಲ್ಲ’ ಅಂತ ಸಹಿ ಹಾಕಿದ್ದರು. ‘ಊರಲ್ಲಿಲ್ಲ ಅಂತ ಕೋಡ್ ಮಾಡಿ’ ಅಂತ ಮೇಲಿನವರೊಬ್ಬರು ಸಲಹೆ ಕೊಟ್ಟರು. ನಾನು ತಕ್ಷಣ ಬೇಡ ಅನ್ನಲಿಲ್ಲ, ಅದನ್ನೂ ಹೇಳಬೇಕು. ಮರುದಿನ ಬೆಳಗ್ಗೆ ಮೇಲ್ ಹಾಕಿದೆ: ಶೀಟ್ ನನ್ನದು, ತಪ್ಪು ನನ್ನದು, ಮಾಪ್‌ಅಪ್ (ತಪ್ಪಿಹೋದವರಿಗೆ ಮತ್ತೆ ಹಂಚೋದು) ಆಗುವವರೆಗೆ ಆ ಹೆಸರುಗಳು ಹಾಗೇ ಇರಲಿ. ಈಗ ಆ ಫಾರ್ಮ್‌ನಲ್ಲಿ ನಾಲ್ಕನೇ ಕಾಲಂ ಇದೆ. ಸೇರಿಸಲು ಏಳು ಮೇಲ್ ಬೇಕಾಯಿತು.

ಇನ್ನೊಂದು ಗೊಣಗಾಟ. ಊರ ತುಂಬಾ ಕೈ ತೊಳೆಯುವ ಡ್ರಮ್ಮು, ಪೋಸ್ಟರು. ವರ್ಷಗಟ್ಟಲೆ ನಾವು ಕೇಳಿ ಸಿಗದ ನೀರಿನ ದುಡ್ಡು ಕೋವಿಡ್‌ಗೆ ಒಂದೇ ತಿಂಗಳಲ್ಲಿ ಬಂತು. ಆದರೆ ಟ್ರಕೋಮಾ ತಡೆಯಲು ಮಕ್ಕಳ ಮುಖ ತೊಳೆಯಬೇಕು, ಯಾವ ಪೋಸ್ಟರ್‌ನಲ್ಲೂ ಮುಖದ ಮಾತಿಲ್ಲ. ‘ಕೈ ಜೊತೆ ಮುಖಾನೂ’ ಅಂತ ಎರಡು ಪದ ಸೇರಿಸಿ ಅಂತ ಕೇಳಿದೆ. ಮುದ್ರಣ ಆಗಿಹೋಗಿದೆ ಅಂದರು.

ಒಂಬತ್ತು ದಿನಕ್ಕೆ ಮಾಪ್‌ಅಪ್ ಹೋಯಿತು, ನಾನೂ ಹೋದೆ. ಆಕೆ ನಮಸ್ಕಾರ ಅಂದು, ಬಾಟಲಿ ಮತ್ತು ನೀರು ನನ್ನ ಕೈಗೆ ಕೊಟ್ಟು, ‘ನೀವು ಬೆರೆಸಿ ಸರ್, ಎಷ್ಟು ಚೆಲ್ಲುತ್ತೆ ನೋಡಿ’ ಅಂದರು. ಮೊದಲ ಬಾಟಲಿಯಲ್ಲೇ ಇಬ್ಬರು ಮಕ್ಕಳಿಗಾಗುವಷ್ಟು ನನ್ನ ಪ್ಯಾಂಟಿನ ಮೇಲಿತ್ತು. ಮಾರ್ಜಿನ್‌ನಲ್ಲಿದ್ದವರಲ್ಲಿ 38 ಜನ ಸಿಕ್ಕರು. ಉಳಿದ ಐದು ಮಕ್ಕಳನ್ನು ಅಪ್ಪ ಅಮ್ಮ ಅಷ್ಟರಲ್ಲಿ ಪಟ್ಟಣಕ್ಕೆ ವಾಪಸ್ ಕರೆದುಕೊಂಡು ಹೋಗಿದ್ದರು. ಅವರ ಹೆಸರಿನ ಮುಂದೆ ಆಕೆ ‘ಊರಲ್ಲಿಲ್ಲ’ ಅಂತ ಬರೆದರು.