ಬಳ್ಳಿ ನರಳಿದರೆ ವೈನ್ ಚೆನ್ನಾಗುತ್ತದಂತೆ!

"ಬಳ್ಳಿ ನರಳಬೇಕು, ಆಗಲೇ ವೈನ್ ಚೆನ್ನಾಗಿ ಬರೋದು" ಅನ್ನುವ ಮಾತು ಮಾರ್ಕೆಟಿಂಗ್‌ನವರ ಬಾಯಲ್ಲಿ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಮೊನ್ನೆ ಟೇಸ್ಟಿಂಗ್ ಮೀಟಿಂಗ್‌ನಲ್ಲೂ ಅದೇ ಆಯಿತು. ನಮ್ಮ ತೋಟದ ಒಂದು ಕೆಟ್ಟ ಸೀಸನ್ನಿನ ಕ್ಯಾಬರ್ನೆ ಕೆಂಪು ವೈನ್ ಎಲ್ಲರಿಗೂ ಹಿಡಿಸಿತು, ತಕ್ಷಣ ಸ್ಲೈಡ್ ರೆಡಿ. ಚಳಿ, ಮಳೆ, ರೋಗ, ಕೊನೆಗೆ ಗೆಲುವು. ಸಾಲದ್ದಕ್ಕೆ ಫ್ರಾನ್ಸಿನ ಬೋರ್ಡೋದ 1961ರ ಹೆಸರಾಂತ ವೈನನ್ನೂ ಎಳೆದು ತಂದರು. ನಾನು ಸುಮ್ನೆ ಕೂತಿದ್ದೆ. ಆ ಸೀಸನ್ನಿನಲ್ಲಿ ಇದೇ ಜನ, ಎಷ್ಟು ಟನ್ ಬೆಳೆ ಅನ್ನುವ ಟನ್ನೇಜ್ ಶೀಟ್ ಹಿಡಿದು ತೋಟ ನೋಡಿಕೊಳ್ಳುವ ನಮ್ಮ ತಲೆ ತಿಂದಿದ್ದು ಇನ್ನೂ ಮರೆತಿಲ್ಲ.

ಸರಿಯಾಗಿ ಹೂ ಬಿಟ್ಟ ಹೊತ್ತಿಗೆ ಚಳಿ ಹಿಡಿಯಿತು, ಜೊತೆಗೆ ಬಿಡದ ಮಳೆ. ದ್ರಾಕ್ಷಿ ಹೂವಿಗೆ ಅದು ಆಗಿಬರುವುದಿಲ್ಲ. ಕಾಯಿ ಕಚ್ಚದೆ ಹೂ ಉದುರಿತು, ಕಚ್ಚಿದ್ದರಲ್ಲೂ ಎಷ್ಟೋ ಕಾಯಿ ಬೀಜವಿಲ್ಲದೆ ಸಣ್ಣಗೇ ಉಳಿದವು. ಗೊಂಚಲು ನೋಡಿದರೆ ಹಲ್ಲು ಬಿದ್ದ ಬಾಯಿಯ ಹಾಗೆ. ಹಿಂದೆಯೇ ಡೌನಿ ಅನ್ನುವ ಬೂಸ್ಟು ರೋಗ ಬಂತು. ಸಾಲಿನೊಳಗೆ ಟ್ರ್ಯಾಕ್ಟರ್ ಇಳಿಯದಷ್ಟು ಕೆಸರು, ಸ್ಪ್ರೇ ಶೆಡ್ಯೂಲ್ ಪೂರ್ತಿ ಏರುಪೇರು, ಬೆನ್ನಿಗೆ ಪಂಪ್ ಕಟ್ಟಿಕೊಂಡು ಹೊಡೆದೆವು. ಗೊಂಚಲ ಸುತ್ತಲಿನ ಎಲೆ ಕಿತ್ತೆವು. ಆಫೀಸಿನಿಂದ ಮಾತ್ರ ಒಂದೇ ಪ್ರಶ್ನೆ: "ಇಳುವರಿ ಹೇಗೆ ಸರಿ ಮಾಡ್ತೀರಿ?" ಉದುರಿದ ಹೂವನ್ನು ಮತ್ತೆ ಅಂಟಿಸೋಕೆ ಆಗುತ್ತಾ ಸ್ವಾಮಿ?

ಕಾಯಿ ಬಣ್ಣ ತಿರುಗುವ ಹೊತ್ತಿಗೆ ಆಕಾಶ ತಿಳಿಯಾಯಿತು. ಹಗಲು ಒಣ ಬಿಸಿಲು, ರಾತ್ರಿ ತಂಪು. ನನ್ನನ್ನು ಕೇಳಿದರೆ ಆ ವೈನ್ ಹುಟ್ಟಿದ್ದು ಆಗ, ಮಳೆಯಲ್ಲಿ ಅಲ್ಲ. ಬಳ್ಳಿಯಲ್ಲಿ ಎಲೆ ಬೇಕಾದಷ್ಟಿತ್ತು, ಹಣ್ಣು ಕಡಿಮೆ ಇತ್ತು, ಹಾಗಾಗಿ ಇದ್ದ ಹಣ್ಣಿಗೆ ಸಕ್ಕರೆ ಚೆನ್ನಾಗಿ ಸಿಕ್ಕಿತು. ಸಣ್ಣ ಹಣ್ಣಿನಲ್ಲಿ ರಸದ ಲೆಕ್ಕಕ್ಕೆ ಸಿಪ್ಪೆ ಜಾಸ್ತಿ, ಕೆಂಪು ವೈನಿಗೆ ಬಣ್ಣ ಬರುವುದು ಸಿಪ್ಪೆಯಿಂದಲೇ, ಒಗರು ಕೊಡುವ ಟ್ಯಾನಿನ್‌ನ ದೊಡ್ಡ ಪಾಲೂ ಅಲ್ಲಿಂದಲೇ. ರಾತ್ರಿ ತಂಪಿದ್ದರೆ ಹಣ್ಣಿನ ಮ್ಯಾಲಿಕ್ ಆಮ್ಲ ಬೇಗ ಖರ್ಚಾಗುವುದಿಲ್ಲ, ಹುಳಿ ಉಳಿಯುತ್ತದೆ.

ಇಷ್ಟಾಗಿ, ಕೊಯ್ಲಿನ ವಾರ ಮತ್ತೆ ಮಳೆಯ ಮುನ್ಸೂಚನೆ. ಇನ್ನೊಂದು ತಳಿ ಮೆರ್ಲೋ ಆಗಲೇ ಟ್ಯಾಂಕ್ ಸೇರಿತ್ತು. ಕ್ಯಾಬರ್ನೆ ಹಣ್ಣಿನ ಬ್ರಿಕ್ಸ್, ಅಂದರೆ ಸಕ್ಕರೆಯ ಅಳತೆ, 22ರ ಆಸುಪಾಸು; ಹುಳಿ ತೋರಿಸುವ ಪಿಎಚ್ 3.4. ಶೀಟ್ ನೋಡಿದರೆ ಕೊಯ್ಯಬಹುದು. ಆಳುಗಳು ಕ್ರೇಟ್ ಹಿಡಿದು ಸಾಲಿನ ತುದಿಯಲ್ಲಿ ನಿಂತಿದ್ದಾರೆ, ಕ್ರಷರ್ ತೊಳೆದು ಇಟ್ಟಿದ್ದಾರೆ, ಆಫೀಸಿನವರು ಫೋನ್ ಲೈನಿನಲ್ಲೇ ಇದ್ದಾರೆ, ಆಚೆ ಮೋಡ ಕಟ್ಟುತ್ತಿದೆ. ನಾನು "ಪೂರ್ತಿ ಕೊಯ್ದುಬಿಡೋಣ" ಅಂದೆ.

ಮೇಸ್ತ್ರಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಎರಡು ಹಣ್ಣು ಕಿತ್ತು ನನ್ನ ಕೈಗಿಟ್ಟರು. "ಸರ್, ಬೀಜ ಅಗಿದು ನೋಡಿ." ಒಗರು, ಬಾಯೆಲ್ಲ ಒಣಗಿತು. ಅಗಿದಷ್ಟೂ ಹಸಿ ಕ್ಯಾಪ್ಸಿಕಂ ವಾಸನೆ. ಆ ವಾಸನೆ ಕೊಡುವ ಪೈರಜಿನ್ ಇನ್ನೂ ಇಳಿದಿಲ್ಲ.

"ಅದು ಗೊತ್ತು. ಆದರೆ ಮಳೆ ಬಿದ್ದು ಕೊಳೆತರೆ?" ಅಂದೆ.

ಅವರು ಒಂದು ಗೊಂಚಲನ್ನು ಬೆಳಕಿಗೆ ಎತ್ತಿ ಹಿಡಿದರು. "ಎಲ್ಲಿ ಕೊಳೀತದೆ ಸರ್? ನಡುವೆ ಗಾಳಿ ಆಡ್ತಿದೆ ನೋಡಿ."

ಫೋನಿನಲ್ಲಿ "ಡಿಸಿಷನ್ ಏನು, ಡಿಸಿಷನ್ ಏನು" ಅಂತ ಕೇಳುತ್ತಲೇ ಇದ್ದರು. ನನಗೆ ಮಾತೇ ಬರಲಿಲ್ಲ. ನಾನು ಲೆಕ್ಕ ಹಾಕಿದ್ದು ಹಿಂದಿನ ವರ್ಷಗಳ ಗೊಂಚಲಿನ ಮೇಲೆ. ಅವು ಒತ್ತಾಗಿರುತ್ತಿದ್ದವು, ಹಣ್ಣು ಮಳೆ ನೀರು ಕುಡಿದು ಊದಿ, ಒಂದನ್ನೊಂದು ಒತ್ತಿ, ಸಿಪ್ಪೆ ಬಿರಿದು, ಅಲ್ಲಿಂದ ಬೊಟ್ರೈಟಿಸ್ ಅನ್ನುವ ಬೂದು ಬೂಸ್ಟು ಒಳಗೆ ನುಗ್ಗುತ್ತಿತ್ತು. ಈ ಸಲದ ಗೊಂಚಲು ಸಡಿಲ. ಯಾವ ಹೂ ಉದುರಿತು ಅಂತ ಸೀಸನ್ ಪೂರ್ತಿ ಗೊಣಗಿದ್ದೆನೋ ಅದೇ ಈಗ ಕಾಯುವುದಕ್ಕೆ ಅವಕಾಶ ಕೊಟ್ಟಿತ್ತು. ಆ ಗೊಂಚಲು ದಿನಾ ನೋಡುತ್ತಿದ್ದೆ, ಆದರೂ ನನ್ನ ತಲೆಯಲ್ಲಿದ್ದದ್ದು ಶೀಟ್.

ಕೊನೆಗೆ ನೀರು ನಿಲ್ಲುವ ತಗ್ಗಿನ ಬ್ಲಾಕ್ ಮಾತ್ರ ಅವತ್ತೇ ಕೊಯ್ದೆವು, ಮೇಲಿನದು ಬಿಟ್ಟೆವು. ತಗ್ಗಿನ ಹಣ್ಣಿನಲ್ಲಿ ಆಗಲೇ ಅಲ್ಲಲ್ಲಿ ಬೂದು ಬೂಸ್ಟು. ಸಾರ್ಟಿಂಗ್ ಟೇಬಲ್‌ನಲ್ಲಿ ಕ್ರೇಟ್‌ಗಟ್ಟಲೆ ಆರಿಸಿ ಎಸೆಯುವಾಗ ಆಫೀಸಿನ ಮೇಲಿನವರೊಬ್ಬರು ಬಂದು "ಇಷ್ಟು ಸ್ವಲ್ಪಕ್ಕೆ ಏನಾಗುತ್ತೆ, ಟ್ಯಾಂಕ್ ದೊಡ್ಡದಿದೆಯಲ್ಲ" ಅಂದರು. ಆಗುತ್ತದೆ. ಬೊಟ್ರೈಟಿಸ್ ಜೊತೆ ಲ್ಯಾಕೇಸ್ ಅನ್ನುವ ಕಿಣ್ವ ಬರುತ್ತದೆ, ಅದು ಕೆಂಪನ್ನು ಕಂದು ಮಾಡುತ್ತದೆ, ಸಲ್ಫರ್ ಹಾಕಿದರೂ ಸುಲಭಕ್ಕೆ ಜಗ್ಗುವುದಿಲ್ಲ. ಹೇಳಿದೆ. ಅವರು ವಾಚ್ ನೋಡಿಕೊಂಡು ಹೊರಟರು.

ರಾತ್ರಿ ಮಳೆ ಜೋರಾಗಿಯೇ ಬಿತ್ತು. ನಿದ್ದೆ ಬಂದಿದ್ದರೆ ಕೇಳಿ. ಬ್ರಿಕ್ಸ್ ಇಳಿಯಿತು, ಆಮೇಲೆ ಒಣ ಗಾಳಿ ಬೀಸಿತು, ಮತ್ತೆ ಏರಿತು. ಬೀಜ ಕಂದು ತಿರುಗಿದ ಮೇಲೆ ಕೊಯ್ದೆವು. ಸ್ಲೈಡ್‌ನಲ್ಲಿ ಹೊಗಳಿಸಿಕೊಂಡ ವೈನ್ ಇದೇ. ಮೇಸ್ತ್ರಿಯ ಹೆಸರು ಸ್ಲೈಡ್‌ನಲ್ಲಿ ಇರಲಿಲ್ಲ ಬಿಡಿ.

ಇನ್ನು ಆ 1961ರ ವಿಷಯ. ಅಲ್ಲೂ ಮೇ ತಿಂಗಳ ಹಿಮ ಬೆಳೆ ಕಡಿಮೆ ಮಾಡಿತ್ತು, 1945ರಲ್ಲೂ ಅಷ್ಟೇ. ಎರಡೂ ದೊಡ್ಡ ವಿಂಟೇಜ್‌ಗಳು, ಅಂದರೆ ವೈನಿಗೆ ಹೆಸರಾದ ವರ್ಷಗಳು, ನಿಜ. ಆದರೆ ಎರಡು ವರ್ಷವೂ ಆಮೇಲೆ ಒಣ ಬಿಸಿಲೇ ಇತ್ತು. ಅದೇ ಬೋರ್ಡೋದಲ್ಲಿ 2013ರಲ್ಲೂ ಹೂವಿನ ಹೊತ್ತಿಗೆ ಚಳಿ ಮಳೆ, ಕಾಯಿ ಕಚ್ಚಲಿಲ್ಲ, ಬೆಳೆ ಕಡಿಮೆ. ಕೊನೆಯಲ್ಲಿ ಕೊಳೆ ಬಂತು, ಎಷ್ಟೋ ಕಡೆ ಹಣ್ಣು ಪೂರ್ತಿ ಮಾಗುವ ಮುಂಚೆಯೇ ಕೊಯ್ಯಬೇಕಾಯಿತು. ಆ ವರ್ಷದ ಕೆಂಪು ವೈನನ್ನು ಯಾರೂ ಅಷ್ಟಾಗಿ ಹೊಗಳುವುದಿಲ್ಲ. ಬಳ್ಳಿ ಅಲ್ಲೂ ನರಳಿತ್ತು ತಾನೇ? ಕಷ್ಟ ಸೀಸನ್ನಿನ ಮೊದಲಲ್ಲಿ ಬಂತೋ ಕೊನೆಯಲ್ಲಿ ಬಂತೋ ಅನ್ನುವುದನ್ನು ಯಾವ ಸ್ಲೈಡೂ ಹೇಳುವುದಿಲ್ಲ.

ಮೀಟಿಂಗ್ ಮುಗಿಯುವಾಗ ಮುಂದಿನ ಸೀಸನ್ನಿನ ಪ್ಲಾನ್ ಹಂಚಿದರು. ಕ್ವಾಲಿಟಿ ಈ ವೈನಿನದ್ದೇ ಬೇಕಂತೆ, ಟನ್ನೇಜ್ ಮಾತ್ರ ಒಳ್ಳೆಯ ವರ್ಷದ್ದು. ಎರಡನೇ ಸಾರ್ಟಿಂಗ್ ಟೇಬಲ್ ಕೇಳಿ ಬರೆದದ್ದು ಇನ್ನೂ ಅಪ್ರೂವಲ್‌ಗೆ ಕಾಯುತ್ತಿದೆ.