ಆನೆ ಟ್ರಂಕು ಎತ್ತಿತು

ಜುಲೈ ತಿಂಗಳಲ್ಲಿ ಮಲೆನಾಡಿನ ಶಾಲೆಯ ತಗಡಿನ ಮಾಡಿನ ಮೇಲೆ ಮಳೆ ಹೊಡೆಯತೊಡಗಿದರೆ ಮೇಷ್ಟ್ರು ಓದಿದ್ದು ಎರಡನೇ ಬೆಂಚಿಗೂ ಕೇಳುವುದಿಲ್ಲ. ಇಂಗ್ಲಿಷ್ ಪಾಠಕ್ಕೆ ಅದೇ ಒಳ್ಳೆಯದು. ಮೇಷ್ಟ್ರು ಒಂದು ಸಾಲು ಹೇಳಿ ಕ್ಲಾಸೆಲ್ಲ ಒಟ್ಟಿಗೆ ಕೂಗುವಾಗ ಓದು ಬಾರದ ಮಕ್ಕಳು ಪಕ್ಕದವರ ಬಾಯಿ ನೋಡಿ ತುಟಿ ಆಡಿಸುತ್ತಿರುತ್ತಾರೆ, ಸದ್ದಿನಲ್ಲಿ ಅದು ಗೊತ್ತೇ ಆಗುವುದಿಲ್ಲ. ಮಳೆಯ ದಿನ ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಓದಿಸುವುದು ಬಿಟ್ಟು ಬೇರೆ ದಾರಿಯಿಲ್ಲ.

7ನೇ ಕ್ಲಾಸಿಗೆ 80-90 ಪದಗಳ ತುಣುಕು ಸಾಕು. ವಿಷಯ ಗೊತ್ತಿರುವುದಾಗಿರಲಿ, ಇಂಗ್ಲಿಷ್ ಮಾತ್ರ ಹೊಸದಿರಲಿ. ಶಿವಮೊಗ್ಗ ಬಳಿಯ ಸಕ್ರೆಬೈಲು ಆನೆ ಬಿಡಾರ ಇದಕ್ಕೆ ಚೆನ್ನಾಗಿ ಒದಗುತ್ತದೆ: ತುಂಗೆಯ ಹಿನ್ನೀರು, ಬೆಳಗಿನ ಸ್ನಾನ, ಬೆನ್ನು ಉಜ್ಜುವ ಮಾವುತ. ಬೋರ್ಡಿನ ಮೇಲೆ ಬರೆಯುವಾಗ ಪದಗಳ ಗುಂಪಿಗೊಂದು ಗೆರೆ ಹಾಕಿ: ದಿ ಎಲಿಫೆಂಟ್ಸ್ / ವಾಕ್ಡ್ ಡೌನ್ / ಟು ದಿ ರಿವರ್. ಗೆರೆಯಿಲ್ಲದಿದ್ದರೆ ಮಕ್ಕಳು ಒಂದೊಂದೇ ಪದ ಬಿಡಿಬಿಡಿಯಾಗಿ ಹೆಕ್ಕುತ್ತಾರೆ, ಸಾಲು ಮುಗಿಯುವಷ್ಟರಲ್ಲಿ ಮೊದಲಿನದು ಮರೆತಿರುತ್ತದೆ.

'ಎಗ್' ಅನ್ನು 'ಯೆಗ್ಗು' ಎಂದರೆ ತಡೆಯಬೇಡಿ, ಅರ್ಥ ಕೆಡುವುದಿಲ್ಲ. 'ವಾಕ್ಡ್' ಅನ್ನು 'ವಾಕೆಡ್' ಎಂದಾಗ ಮಾತ್ರ ನಿಲ್ಲಿಸಿ. ಬರೆದಂತೆ ಓದುವ ಕನ್ನಡದ ಅಭ್ಯಾಸ ಅದು. ಮೂಲ ಪದ ಟ್ ಅಥವಾ ಡ್ ಸದ್ದಿನಲ್ಲಿ ಮುಗಿದಿದ್ದರಷ್ಟೇ ಕೊನೆಯ 'ಎಡ್' ಪೂರ್ತಿ ಕೇಳಬೇಕು, 'ವಾಂಟೆಡ್' ಇದ್ದ ಹಾಗೆ.

ಇದಕ್ಕಿಂತ ದೊಡ್ಡ ತೊಡಕು ಕ್ರಿಯಾಪದದ್ದು. ಕನ್ನಡದಲ್ಲಿ ಬಂದನೋ ಬಂದಳೋ ಬಂದವೋ ಎಂಬುದು ಪದದ ಬಾಲದಲ್ಲೇ ಇರುತ್ತದೆ. ಇಂಗ್ಲಿಷಿನ 'ಕೇಮ್' ಏನೂ ಬಾಯಿ ಬಿಡುವುದಿಲ್ಲ. ಹಾಗಾಗಿ 'ಹಿ', 'ಇಟ್', 'ದೇ' ಬಂದಲ್ಲೆಲ್ಲ ಪೆನ್ಸಿಲಿನಿಂದ ಹಿಂದಕ್ಕೆ ಬಾಣ ಎಳೆಸಬೇಕು: ಇದು ಮಾವುತನೋ, ಆನೆಯೋ, ಆನೆಗಳೋ? ಬಾಣ ತಪ್ಪಿದಲ್ಲಿ ಓದೂ ತಪ್ಪಿದೆ.

ಆಮೇಲೆ ಗಡಿಯಾರ ಇಟ್ಟು ಒಂದು ನಿಮಿಷದ ಓದು. ಒಬ್ಬರು ಓದುವಾಗ ಇನ್ನೊಬ್ಬರು ತಪ್ಪಿದ ಪದದ ಕೆಳಗೆ ಚುಕ್ಕಿ ಇಡುವುದು, ಸರಿ ಓದಿದ ಪದಗಳನ್ನು ಎಣಿಸಿ ಬರೆಯುವುದು. ಅದೇ ತುಣುಕು, ಮೂರು ಸಲ. ಅಂಕಿಗಳನ್ನು ಕ್ಲಾಸಿನ ಮುಂದೆ ಹೇಳಬಾರದು. ಹೇಳಿದರೆ ಮರುದಿನದಿಂದ ಮಕ್ಕಳು ಅರ್ಥ ಬಿಟ್ಟು ಓಟ ಓಡುತ್ತಾರೆ.

ಅರ್ಥವಾಯಿತೋ ಇಲ್ಲವೋ ನೋಡಲು ಪ್ರಶ್ನೋತ್ತರ ನಂಬಬೇಡಿ. 'ವೇರ್ ಡಿಡ್ ದಿ ಎಲಿಫೆಂಟ್ಸ್ ವಾಕ್?' ಎಂದರೆ ಆ ಪದ ಇರುವ ಸಾಲನ್ನೇ ಹುಡುಕಿ ಇಳಿಸಿಬಿಡುತ್ತಾರೆ. ಚಿತ್ರ ಬರೆಸಿ. 'ದಿ ಎಲಿಫೆಂಟ್ ಲಿಫ್ಟೆಡ್ ಇಟ್ಸ್ ಟ್ರಂಕ್' ಎಂಬ ಸಾಲಿಗೆ ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆ ಹೊತ್ತ ಆನೆ ಹಾಳೆಯ ಮೇಲೆ ಬರುವುದುಂಟು. 'ದಿ ಮಹೌಟ್ ಸ್ಟುಡ್ ಆನ್ ದಿ ಬ್ಯಾಂಕ್' ಎಂದರೆ ಮಾವುತ ಬ್ಯಾಂಕಿನ ತಾರಸಿ ಹತ್ತಿರುತ್ತಾನೆ! ಇಲ್ಲಿ ಟ್ರಂಕ್ ಎಂದರೆ ಸೊಂಡಿಲು, ಬ್ಯಾಂಕ್ ಎಂದರೆ ಹೊಳೆಯ ದಡ ಎಂದು ಮೊದಲೇ ಹೇಳಿಕೊಡದಿರುವುದು ವಾಸಿ. ಗೊತ್ತಿರುವ ಪದವೇ ಬೇರೆ ಅರ್ಥ ಹೊತ್ತು ಬರುತ್ತದೆ ಎಂದು ಅವರೇ ಕಂಡುಕೊಳ್ಳಲಿ.

ಮಧ್ಯಾಹ್ನಕ್ಕೆ ಸಾಲು ಜೋಡಿಸುವ ಆಟ. ನಾಲ್ವರ ಗುಂಪಿಗೆ ಒಂದೊಂದು ಸಾಲು ಬರೆದ ಎಂಟು ಪಟ್ಟಿ. ತೆಳು ಹಾಳೆ ಈ ಥಂಡಿಗೆ ಮೆತ್ತಗಾಗಿ ಅಂಟಿಕೊಳ್ಳುತ್ತದೆ, ಹಳೇ ಲಗ್ನಪತ್ರಿಕೆಯ ರಟ್ಟು ತಡೆಯುತ್ತದೆ. ಅಡಿಕೆ ಕೆಲಸದ ಮೇಲೆ ಬರೆದರೆ ಮಾತ್ರ ಒಂದು ಅಪಾಯ: ಗೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸುವುದು ಮನೆಯಲ್ಲೇ ಕಂಡದ್ದು, ಓದದೆಯೇ ಜೋಡಿಸಿಬಿಡುತ್ತಾರೆ. ಅದಕ್ಕೇ ಒಂದು ಸುಳ್ಳು ಪಟ್ಟಿ ಸೇರಿಸಿಡಿ: ಮೊದಲು ಒಣಗಿಸಿ ಆಮೇಲೆ ಸುಲಿದು ಬೇಯಿಸುತ್ತಾರೆ ಎಂದು. ನಿಜವಾಗಿ ಓದಿದವರು ಅಲ್ಲಿ ಜಗಳಕ್ಕೆ ನಿಲ್ಲುತ್ತಾರೆ.