ಎಷ್ಟು ಹೆಚ್‌ಪಿ ಮೋಟಾರ್ ಹಾಕ್ಬೇಕು ಅಂತ ಕೇಳೋರಿಗೆ

ಉಪ್ಪುನೀರಿನ ಅಕ್ವೇರಿಯಂ ಅಂದ ತಕ್ಷಣ ದಾವಣಗೆರೆಯಲ್ಲಿ ಬರೋ ಮೊದಲ ಪ್ರಶ್ನೆ: "ಅಣ್ಣಾ, ಎಷ್ಟು ಹೆಚ್‌ಪಿ ಮೋಟಾರ್ ಹಾಕ್ಬೇಕು?" ಹೆಚ್‌ಪಿ ಲೆಕ್ಕ ಬೋರ್‌ವೆಲ್‌ಗೆ ರೀ! 1 ಹೆಚ್‌ಪಿ ಅಂದ್ರೆ 746 ವ್ಯಾಟ್. ನಾಲ್ಕಡಿ ತೊಟ್ಟಿಗೆ 30-40 ವ್ಯಾಟಿನ ಪಂಪು ಸಾಕು. ಸ್ಟ್ಯಾಂಡಿನೊಳಗಿನ ಸಂಪ್‌ನಿಂದ (ತೊಟ್ಟಿಯ ನೀರು ಇಳಿದು ಬರೋ ಕೆಳಗಿನ ಸಣ್ಣ ತೊಟ್ಟಿ) ನೀರು ಎತ್ತೋದು ನಾಲ್ಕೈದು ಅಡಿ ಅಷ್ಟೇ.

ಸರಿ, ಉತ್ತರ ಕೊಟ್ಟುಬಿಡ್ತೀನಿ. 120×45×45 ಸೆಂ.ಮೀ. ತೊಟ್ಟಿ ಹಿಡಿಯೋದು ಸುಮಾರು 240 ಲೀಟರ್. ಗಂಟೆಗೆ ಅದರ 5 ಪಟ್ಟು, ಅಂದ್ರೆ 1,200 ಲೀಟರ್ ಮೇಲೆ ಬಂದ್ರೆ ಆಯ್ತು. ಡಬ್ಬದ ಮೇಲಿರೋ ಅಂಕಿ ನೀರನ್ನ ಮೇಲಕ್ಕೆ ಎತ್ತದೇ ಇದ್ದಾಗಿನದ್ದು. ಹೆಚ್ಚೆಂದರೆ 2.5 ಮೀಟರ್ ಎತ್ತೋ 3,000 ಲೀಟರ್ ಪಂಪು 1.3 ಮೀಟರ್ ಎತ್ತರದಲ್ಲಿ ಸುಮಾರು ಅರ್ಧ ಕೊಡುತ್ತೆ, ಎಲ್ಬೋಗಳು ಇನ್ನಷ್ಟು ತಿಂತವೆ. ಹವಳಕ್ಕೆ ಬೇಕಾದ ಸೆಳೆತಕ್ಕೆ ತೊಟ್ಟಿಯೊಳಗೇ ವೇವ್‌ಮೇಕರ್ (ನೀರನ್ನ ಅಲ್ಲೇ ತಳ್ಳೋ ಫ್ಯಾನಿನಂಥದ್ದು) ಹಾಕಿ. ಪಂಪು ದೊಡ್ಡದಾದಷ್ಟೂ ನೀರು ಬಿಸಿ, ನಮ್ಮೂರ ಏಪ್ರಿಲ್‌ನಲ್ಲಿ ಅದೊಂದು ಕಡಿಮೆಯಾಗಿತ್ತು ನೋಡಿ.

ಕೇಳಬೇಕಾದ್ದು ಬೇರೆ: ಕರೆಂಟು ಹೋದ್ರೆ ಎಷ್ಟು ನೀರು ಕೆಳಗಿಳಿಯುತ್ತೆ?

ಪಂಪು ನಿಂತ ಕೂಡಲೇ ರಿಟರ್ನ್ ಪೈಪು (ಪಂಪಿನಿಂದ ಮೇಲಿನ ತೊಟ್ಟಿಗೆ ಹೋಗೋದು) ಸೈಫನ್ ಆಗಿ ತಿರುಗಿ ಎಳೆಯೋಕೆ ಶುರುಮಾಡುತ್ತೆ, ಅದರ ತುದಿಯ ನಾಜಲ್ ಬಾಯಿಗೆ ಗಾಳಿ ಸಿಗೋವರೆಗೂ ನಿಲ್ಲಲ್ಲ. ಈ ತೊಟ್ಟಿಯಲ್ಲಿ 1 ಸೆಂ.ಮೀ. ನೀರು ಅಂದ್ರೆ 5.4 ಲೀಟರ್. ನಾಜಲ್ 10 ಸೆಂ.ಮೀ. ಆಳದಲ್ಲಿದ್ರೆ 54 ಲೀಟರ್ ಇಳಿದು, 60×40 ಸಂಪ್‌ನಲ್ಲಿ 22 ಸೆಂ.ಮೀ. ಏರುತ್ತೆ. ಅಷ್ಟು ಜಾಗ ಬಿಟ್ಟಿದ್ದೀರಾ? ನಾಜಲ್‌ನ 2 ಸೆಂ.ಮೀ. ಆಳಕ್ಕೆ ತಂದ್ರೆ ಬರೀ 11 ಲೀಟರ್. "ಎನ್‌ಆರ್‌ವಿ ಹಾಕಿದೀನಲ್ಲ" ಅನ್ನೋರಿಗೆ: ನೀರು ಹಿಂದಕ್ಕೆ ಬರದಂತೆ ತಡೆಯೋ ಆ ವಾಲ್ವ್‌ನ ಬಾಯಲ್ಲಿ ಒಂದು ಹರಳು ಮರಳೋ ಬಸವನಹುಳವೋ ಸಿಕ್ಕಿಕೊಂಡ್ರೆ ಮುಚ್ಚಲ್ಲ. ಇದ್ರೆ ಇರಲಿ, ನಂಬಬೇಡಿ.

ತೊಟ್ಟಿಯಿಂದ ಸಂಪ್‌ಗೆ ನೀರು ಇಳಿಯೋ ಪೈಪು ಎರಡಿರಲಿ, ಎರಡೂ 1 ಇಂಚು. ಒಂದಕ್ಕೆ ಗೇಟ್ ವಾಲ್ವ್ ಹಾಕಿ, ಗುಳುಗುಳು ಸದ್ದು ನಿಲ್ಲೋವರೆಗೆ ತಿರುಗಿಸಿ. ಇನ್ನೊಂದರ ಬಾಯಿ ಅದಕ್ಕಿಂತ ಎತ್ತರದಲ್ಲಿ, ಒಣಗೇ ಇರಬೇಕು. ಅದಕ್ಕೆ ವಾಲ್ವ್ ಹಾಕಲೇಬೇಡಿ. ಮೊದಲನೆಯದು ಕಟ್ಟಿಕೊಂಡ ದಿನ ಹಾಲ್ ಉಳಿಸೋದು ಅದೇ. ಎರಡೂ ಕಟ್ಟಿದ್ರೆ? ಅದಕ್ಕೇ ಸಂಪ್‌ನಲ್ಲಿ ಪಂಪಿರೋ ಕೋಣೆ ಚಿಕ್ಕದಿರಲಿ. ಅಲ್ಲಿ 15 ಲೀಟರ್ ಇದ್ರೆ ಮೇಲೆ ಏರೋದು 3 ಸೆಂ.ಮೀ. ಒಳಗೇ, ಅಂಚಿಗೆ ಅಷ್ಟು ಜಾಗ ಬಿಟ್ಟಿದ್ರೆ ಚೆಲ್ಲಲ್ಲ. ಆಮೇಲೆ ಪಂಪು ಒಣ ಓಡಿ ಸುಡಬಹುದು, ಸುಡಲಿ, ನೆಲಕ್ಕಿಂತ ಅಗ್ಗ.

ಹಾರ್ಡ್‌ವೇರ್ ಅಂಗಡಿಯವರು "ಲೈಫ್ ಬರುತ್ತೆ" ಅಂತ ಹಿತ್ತಾಳೆ ವಾಲ್ವ್ ಕೈಗಿಡ್ತಾರೆ. ತಗೋಬೇಡಿ. ಅದರಲ್ಲಿರೋ ತಾಮ್ರ ಸಿಗಡಿ, ಬಸವನಹುಳ, ಹವಳ ಎಲ್ಲಕ್ಕೂ ವಿಷ. ವಾಲ್ವ್, ಯೂನಿಯನ್ (ಬಿಚ್ಚಿ ಜೋಡಿಸೋ ಜಾಯಿಂಟ್), ಟ್ಯಾಂಕ್ ನಿಪ್ಪಲ್ (ಗಾಜಿನ ತೂತಲ್ಲಿ ಪೈಪು ಕೂರಿಸೋದು) ಎಲ್ಲ ಪಿವಿಸಿ ಇರಲಿ. ನಿಪ್ಪಲ್‌ನ ರಬ್ಬರ್ ವಾಷರ್ ನೀರಿರೋ ಕಡೆಗೆ. ಟಫನ್ಡ್ ಗಾಜಿಗೆ ಡ್ರಿಲ್ ಇಟ್ರೆ ಪುಡಿಪುಡಿ, ಮೊದಲೇ ಕೇಳಿಕೊಳ್ಳಿ.

ಪೈಪು ಅಂಟಿಸೋ ಸಾಲ್ವೆಂಟ್ ಹಚ್ಚಿ 24 ಗಂಟೆ ಬಿಡಿ. ಉಪ್ಪು ಬೆರೆಸೋ ಮುಂಚೆ ಬರೀ ನೀರಲ್ಲಿ ಓಡಿಸಿ, ಸ್ವಿಚ್ ಆರಿಸಿ, ಸಂಪ್‌ನಲ್ಲಿ ನೀರು ಎಲ್ಲಿಗೆ ಬಂದು ನಿಲ್ಲುತ್ತೋ ನೋಡಿ. ಅಂಚಿಗೆ 5 ಸೆಂ.ಮೀ. ಉಳಿಯದಿದ್ರೆ ಅಷ್ಟು ನೀರು ಹೊರಗೆ ತೆಗೆದು, ಮತ್ತೆ ಪಂಪು ಓಡುವಾಗ ನಿಲ್ಲೋ ಮಟ್ಟಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೀರಿ. ಆವಿಯಾದ ನೀರು ತುಂಬೋವಾಗ ಆ ಗೆರೆ ದಾಟಬೇಡಿ.